ಮುಷ್ಟಿಮಲ್ಲನ ಮೈಭಾರ

ಮಾಂಸಖಂಡಗಳನ್ನು ಬೆಳೆಸಿ ಮೈಭಾರವನ್ನು ಏರಿಸಿಕೊಂಡ ಮುಷ್ಟಿಮಲ್ಲನು ಮೊದಲಿಗಿಂತ ಬಲಿಷ್ಠನಾಗುವನೋ ಮಂದನಾಗುವನೋ, ಅದೇ ಭಾರವನ್ನು ಮತ್ತೆ ಇಳಿಸಿದಾಗ ಹಗುರಾಗುವನೋ ಬರಿದಾಗುವನೋ ಎಂಬ ಪ್ರಶ್ನೆಯು, ಮೇಲುನೋಟಕ್ಕೆ ಬಾಕ್ಸಿಂಗ್ ಶಿಕ್ಷಕರಿಗೂ ವೈದ್ಯರಿಗೂ ಮಾತ್ರ ಸಂಬಂಧಿಸಿದುದೆಂದು ತೋರಿದರೂ, ಗರಡಿಯ ಕೆಮ್ಮಣ್ಣಿನ ಪರಿಚಯವುಳ್ಳ ನಮ್ಮ ಸೀಮೆಯ ಜನರಿಗೆ ತೀರ ಹೊಸದೇನೂ ಅಲ್ಲ. ಲಕ್ಷ್ಮೇಶ್ವರದ ನೆರೆಯ ಅಡರಕಟ್ಟಿಯಂತಹ ಊರುಗಳಲ್ಲಿ ಹಗ್ಗ ಕಟ್ಟಿದ ಬಾಕ್ಸಿಂಗ್ ಅಂಗಳಕ್ಕಿಂತ ಕುಸ್ತಿಯ ಕಣವೇ ಜನರಿಗೆ ಹತ್ತಿರದ್ದು. ಜಾತ್ರೆಯಲ್ಲಿ ಜೋಡಿ ಹಚ್ಚುವ ಹಿರಿಯರು ತಕ್ಕಡಿಯನ್ನು ತರಿಸಿದವರಲ್ಲ. ಇಬ್ಬರು ಹುಡುಗರನ್ನು ಎದುರುಬದುರಾಗಿ ನಿಲ್ಲಿಸಿ, ಹೆಗಲು ತೊಡೆ ಕುತ್ತಿಗೆಗಳನ್ನು ಕಣ್ಣಿನಿಂದಲೇ ಅಳೆದು, ಇವನಿಗೆ ಅವನು ಸರಿಜೋಡಿಯೆಂದು ಹೇಳಿಬಿಡುತ್ತಿದ್ದರು. ಆ ಕಣ್ಣಳತೆಯಲ್ಲಿ ಭಾರದ ಪ್ರಮಾಣಕ್ಕಿಂತ ಭಾರದ ಗುಣವೇ ಮುಖ್ಯವಾಗಿತ್ತು; ಉಬ್ಬಿದ ಮೈ ಯಾವುದು, ಹುರಿಗಟ್ಟಿದ ಮೈ ಯಾವುದು ಎಂಬ ವಿವೇಚನೆಯು ಅವರಲ್ಲಿ ತೂಕದ ಲೆಕ್ಕಕ್ಕಿಂತ ಮೊದಲೇ ಮೂಡುತ್ತಿತ್ತು. ಪ್ರಸ್ತುತ ಪ್ರಶ್ನೆಯನ್ನು ಎತ್ತ ತಿರುಗಿಸಿ ನೋಡಿದರೂ ಕಡೆಗೆ ಬಂದು ನಿಲ್ಲುವುದು ಈ ವಿವೇಚನೆಯ ಬಳಿಯೇ ಎಂಬುದು ನನ್ನ ಅಭಿಪ್ರಾಯ.

ಈ ವಿಚಾರವನ್ನು ಕ್ರಮವಾಗಿ ಚಿಂತಿಸಿದ ಗ್ರಂಥವೊಂದು ನಮ್ಮ ನಾಡಿನಲ್ಲಿಯೇ ಹುಟ್ಟಿತೆಂಬುದನ್ನು ಇಲ್ಲಿ ನೆನೆಯತಕ್ಕದ್ದು. ಶಾಸನಗಳಲ್ಲಿ ಪುಲಿಗೆರೆ ಮುನ್ನೂರು ಎಂದು ಹೆಸರಾದ ಈ ಪ್ರಾಂತವನ್ನೂ ಒಳಗೊಂಡ ಸಾಮ್ರಾಜ್ಯವನ್ನು ಆಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಪ್ರಕರಣವುಂಟು. ಅಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸುವಾಗ ದೇಹದ ಗಾತ್ರ, ಪ್ರಾಯ, ಶಕ್ತಿ ಇವೆಲ್ಲವನ್ನೂ ಗಮನಿಸಲಾಗಿದೆ. ಅವರ ಆಹಾರದ ಹೊಣೆಯನ್ನು ಅರಸನೇ ಹೊರಬೇಕೆಂದು ವಿಧಿಸಲಾಗಿದೆ. ಭಾರವನ್ನೆತ್ತುವ ಶ್ರಮ, ನಡೆಯುವ ಶ್ರಮ, ನೀರಿನಲ್ಲಿ ಈಜುವ ಶ್ರಮ, ಕಂಬದ ಮೇಲಿನ ಶ್ರಮ ಎಂದು ವ್ಯಾಯಾಮಗಳನ್ನು ಬೇರೆಬೇರೆಯಾಗಿ ಹೆಸರಿಸಲಾಗಿದೆ. ಭಾರಶ್ರಮವೊಂದೇ ಸಾಲದು, ಅದರೊಂದಿಗೆ ಉಸಿರಿನ ಶ್ರಮವೂ ಚಲನೆಯ ಶ್ರಮವೂ ಬೇಕೆಂಬ ತಿಳಿವಳಿಕೆಯು ಆ ವಿಂಗಡಣೆಯಲ್ಲಿಯೇ ಅಡಗಿರುವುದನ್ನು ಕಂಡಾಗ, ಇಂದಿನ ಕ್ರೀಡಾವಿಜ್ಞಾನವು ಯಂತ್ರಗಳಿಂದ ಅಳೆದು ಹೇಳುವ ಮಾತಿಗೂ ಆ ರಾಜಗ್ರಂಥಕ್ಕೂ ಇರುವ ಅಂತರವು ನಾವು ಭಾವಿಸುವಷ್ಟು ದೊಡ್ಡದಲ್ಲವೆನಿಸುತ್ತದೆ.

ಬಾಕ್ಸಿಂಗಿನಲ್ಲಾದರೋ ತಕ್ಕಡಿಯೇ ನ್ಯಾಯಾಧೀಶ. ಲಂಡನ್ನಿನ ನ್ಯಾಷನಲ್ ಸ್ಪೋರ್ಟಿಂಗ್ ಕ್ಲಬ್ಬು 1909ರಲ್ಲಿ ಎಂಟು ತೂಕವರ್ಗಗಳನ್ನು ನಿಶ್ಚಯಿಸಿದ ಮೇಲೆ, ಮುಷ್ಟಿಮಲ್ಲನ ಜೀವನವು ಯಾವ ವರ್ಗದಲ್ಲಿ ನಿಲ್ಲುವುದು ಎಂಬ ಚಿಂತೆಯ ಸುತ್ತ ತಿರುಗತೊಡಗಿತು. ವರ್ಗಗಳನ್ನು ಮಾಡಿದ್ದು ದುರ್ಬಲನ ರಕ್ಷಣೆಗಾಗಿ. ಆದರೆ ಅವು ಹುಟ್ಟಿದ ದಿನದಿಂದಲೇ, ದೊಡ್ಡ ಮೈಯವನು ಕುಗ್ಗಿ ಕೆಳಗಿನ ವರ್ಗಕ್ಕೆ ನುಸುಳುವ ವಿದ್ಯೆಯೂ, ಚಿಕ್ಕ ಮೈಯವನು ಹಿಗ್ಗಿ ಮೇಲಿನ ವರ್ಗದ ಕೀರ್ತಿಗೆ ಕೈಚಾಚುವ ಆಸೆಯೂ ಜೊತೆಜೊತೆಯಾಗಿ ಬೆಳೆದವು.

ಮೊದಲು ಏರಿಕೆಯ ವಿಚಾರ. ಹೊಡೆತದ ಬಲವು ಮುಷ್ಟಿಯ ಹಿಂದಿರುವ ದ್ರವ್ಯರಾಶಿ ಮತ್ತು ಅದರ ವೇಗ ಇವೆರಡರಿಂದ ಹುಟ್ಟುವುದಷ್ಟೆ; ಆದಕಾರಣ ಭಾರ ಹೆಚ್ಚಿದರೆ ಪೆಟ್ಟೂ ಹೆಚ್ಚೀತೆಂಬ ಲೋಕಾಭಿಪ್ರಾಯವು ನಿರಾಧಾರವಾದುದಲ್ಲ. ಆದರೆ ಆ ಭಾರವು ದೇಹದ ಯಾವ ಭಾಗದಲ್ಲಿ ಸೇರಿತು ಎಂಬುದನ್ನು ಕೇಳದೆ ಈ ಲೆಕ್ಕವನ್ನು ಮುಗಿಸಲಾಗದು. ಸೋವಿಯೆತ್ ಸಂಶೋಧಕರು 1985ರಲ್ಲಿ ಪ್ರಕಟಿಸಿದ ಪ್ರಸಿದ್ಧವಾದೊಂದು ಅಧ್ಯಯನದಲ್ಲಿ, ನುರಿತ ಮುಷ್ಟಿಮಲ್ಲರ ನೇರ ಹೊಡೆತಕ್ಕೆ ಕಾಲುಗಳ ಕೊಡುಗೆಯು ನೂರರಲ್ಲಿ ಸುಮಾರು 38 ಪಾಲಿನಷ್ಟಿದ್ದರೆ, ಹೊಸಬರಲ್ಲಿ ಅದು 16 ಪಾಲಿನ ಆಸುಪಾಸಿನಲ್ಲಿಯೇ ಉಳಿದು, ತೋಳು ಮುಂಡಗಳೇ ಮಿಕ್ಕ ಹೊರೆಯನ್ನೆಲ್ಲ ಹೊತ್ತಿದ್ದವು. ಪೆಟ್ಟು ಹುಟ್ಟುವುದು ನೆಲವನ್ನು ಒತ್ತುವ ಹಿಂಗಾಲಿನಲ್ಲಿ. ಅದು ಸೊಂಟದಲ್ಲಿ ತಿರುಗಿ, ಹೆಗಲನ್ನು ದಾಟಿ, ಮುಷ್ಟಿಯಲ್ಲಿ ಪ್ರಕಟವಾಗುತ್ತದೆ. ಹೀಗಿರಲು, ಕನ್ನಡಿಯ ಮುಂದೆ ನಿಂತು ರೆಟ್ಟೆ ಎದೆಗಳನ್ನು ಉಬ್ಬಿಸಿಕೊಂಡವನು ಹೊಡೆತದ ಮೂಲವನ್ನು ಬಿಟ್ಟು ತುದಿಯನ್ನು ಬೆಳೆಸಿದಂತಾಯಿತು. ಅಷ್ಟೇ ಅಲ್ಲ, ಹೆಗಲಿನಿಂದ ದೂರಕ್ಕೆ, ಅಂದರೆ ತೋಳು ಮುಂಗೈಗಳ ಮೇಲೆ, ಸೇರಿದ ಭಾರವನ್ನು ಪ್ರತಿಯೊಂದು ಹೊಡೆತದಲ್ಲಿಯೂ ನಿಂತ ನಿಲುವಿನಿಂದ ವೇಗಕ್ಕೆ ಏರಿಸಬೇಕು, ಮರುಕ್ಷಣವೇ ತಡೆದು ಹಿಂದಕ್ಕೆ ಸೆಳೆಯಬೇಕು, ಹೊಡೆಯದ ಹೊತ್ತಿನಲ್ಲಿ ಗಲ್ಲದ ಕಾವಲಿಗೆ ಎತ್ತಿ ಹಿಡಿದಿರಬೇಕು. ಮೂರು ನಿಮಿಷಗಳ ಮೂರು ಸುತ್ತು ಮುಗಿಯುವ ಮೊದಲೇ ಹೆಗಲು ಸೋಲುವುದು ಹೀಗೆ.

ಇದಕ್ಕೆ ಪ್ರಕೃತಿಯ ಇನ್ನೊಂದು ನಿಯಮವೂ ಸೇರುತ್ತದೆ. ಮಾಂಸಖಂಡದ ಬಲವು ಅದರ ಅಡ್ಡಛೇದದ ವಿಸ್ತಾರವನ್ನು ಅನುಸರಿಸಿದರೆ, ಅದರ ಭಾರವು ಒಟ್ಟು ಗಾತ್ರವನ್ನು ಅನುಸರಿಸುತ್ತದೆ. ಆದುದರಿಂದ ದೇಹವು ಬೆಳೆದಷ್ಟೂ ಬಲವು ಹೆಚ್ಚುತ್ತದೆಯಾದರೂ ಭಾರಕ್ಕೆ ತಕ್ಕ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. 1988ರ ಸೋಲ್ ಒಲಿಂಪಿಕ್ಸಿನಲ್ಲಿ 60 ಕಿಲೋ ವರ್ಗದ ತುರ್ಕಿಯ ನಯಿಮ್ ಸುಲೇಮಾನೊಗ್ಲು 190 ಕಿಲೋ ಎತ್ತಿ, ತನ್ನ ಮೈಭಾರದ ಮೂರು ಪಟ್ಟನ್ನು ಮೀರಿದನು. 2021ರಲ್ಲಿ ಜಾರ್ಜಿಯಾದ ಲಾಶಾ ತಲಾಖಾಡ್ಜೆ 267 ಕಿಲೋ ಎತ್ತಿ ಜಗತ್ತಿನ ದಾಖಲೆಯನ್ನೇ ಬರೆದನಾದರೂ, 170 ಕಿಲೋ ಮೀರಿದ ಆ ಮಹಾಕಾಯಕ್ಕೆ ಅದು ಸುಮಾರು ಒಂದೂವರೆ ಪಟ್ಟು ಮಾತ್ರ. ಭಾರ ಎತ್ತುವವನಿಗೆ ಇದರಿಂದ ಹಾನಿಯಿಲ್ಲ, ಅವನು ನಿಂತಲ್ಲಿಯೇ ನಿಲ್ಲುವವನು. ಮುಷ್ಟಿಮಲ್ಲನಾದರೋ ತನ್ನ ಭಾರವನ್ನು ತಾನೇ ಹೊತ್ತು ಕುಣಿಯಬೇಕು. ಹೆಚ್ಚಿದ ಪ್ರತಿಯೊಂದು ಕಿಲೋ ಮಾಂಸಕ್ಕೂ ರಕ್ತವನ್ನೂ ಪ್ರಾಣವಾಯುವನ್ನೂ ಒದಗಿಸಬೇಕು. ಹುಟ್ಟಿದ ಶಾಖವನ್ನು ಬೆವರಾಗಿ ಹೊರಹಾಕಬೇಕು. ಗರಡಿಯವರು ‘ದಮ್ಮು’ ಎಂದು ಕರೆಯುವ ಗುಣವು ಹೃದಯ ಶ್ವಾಸಕೋಶಗಳದ್ದು. ಅದು ರೆಟ್ಟೆಯೊಡನೆ ತಾನಾಗಿಯೇ ಬೆಳೆಯುವುದಿಲ್ಲ. ಜಾತ್ರೆಯ ಮೆರವಣಿಗೆಗೆಂದು ಮೇಯಿಸಿದ ಎತ್ತು ಎರೆಹೊಲದ ಉಳುಮೆಗೆ ಬಂದಾಗ ಎರಡು ಸಾಲಿಗೇ ನಾಲಗೆ ಚಾಚುವುದನ್ನು ನಮ್ಮ ಒಕ್ಕಲಿಗರು ಬಲ್ಲರು.

ಹಾಗಾದರೆ ಮಾಂಸಬಲವನ್ನು ಬೆಳೆಸುವುದೇ ತಪ್ಪೇ ಎಂದರೆ, ಅದೂ ಅಲ್ಲ. ಭಾರದ ವ್ಯಾಯಾಮವನ್ನು ಆರಂಭಿಸಿದ ಮೊದಲ ಕೆಲವು ವಾರಗಳಲ್ಲಿ ಹುಡುಗನ ಬಲವು ಗಣನೀಯವಾಗಿ ಏರುತ್ತದೆಯಾದರೂ ತೂಕವು ಇದ್ದಲ್ಲಿಯೇ ಇರುತ್ತದೆ; ಏಕೆಂದರೆ ಆ ಅವಧಿಯಲ್ಲಿ ಕಲಿಯುತ್ತಿರುವುದು ನರಮಂಡಲ, ಇರುವ ಮಾಂಸದ ಎಳೆಗಳನ್ನೇ ಹೆಚ್ಚು ಸಂಖ್ಯೆಯಲ್ಲಿ, ಹೆಚ್ಚು ತ್ವರಿತವಾಗಿ ಕೆಲಸಕ್ಕೆ ಹಚ್ಚುವುದನ್ನು ಅದು ಕಲಿಯುತ್ತದೆ. ಮುಷ್ಟಿಮಲ್ಲನಿಗೆ ಇದಕ್ಕಿಂತ ಅಗ್ಗದ ಲಾಭ ಮತ್ತೊಂದಿಲ್ಲ. ನಿಜವಾದ ಮಾಂಸವೃದ್ಧಿಯು ತಿಂಗಳುಗಳ ಮಾತು. ಪಳಗಿದ ಆಟಗಾರನಿಗೆ ವರ್ಷಕ್ಕೆ ಕೆಲವೇ ಕಿಲೋ ದಕ್ಕಿದರೆ ಅದೇ ದೊಡ್ಡದು. ಎರಡು ತಿಂಗಳಲ್ಲಿ ಎಂಟು ಕಿಲೋ ‘ಮೈ ಹಿಡಿಸುವೆ’ವೆಂದು ಸಾರುವ ಪುಡಿಡಬ್ಬಿಗಳಲ್ಲಿ ಒಂದೋ ಬರಿಯ ಮಾತಿರುತ್ತದೆ, ಇಲ್ಲವೇ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬೀಳುವ ವಸ್ತುವಿರುತ್ತದೆ.

ನಿಧಾನವಾಗಿ ಏರಿದವರ ಮತ್ತು ಅವಸರದಿಂದ ಏರಿಳಿದವರ ಚರಿತ್ರೆಯನ್ನು ಒತ್ತಟ್ಟಿಗಿಟ್ಟು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾದೀತು. ಫಿಲಿಪೀನ್ಸಿನ ಮ್ಯಾನಿ ಪಕಿಯಾವೊ 1998ರಲ್ಲಿ 112 ಪೌಂಡಿನ ವರ್ಗದಲ್ಲಿ ವಿಶ್ವಪಟ್ಟವನ್ನು ಗೆದ್ದವನು, 2010ರಲ್ಲಿ 154 ಪೌಂಡಿನ ವರ್ಗದ ಪಟ್ಟಕ್ಕೆ ಏರಿದನು. ಆ ಏರಿಕೆಗೆ ಹನ್ನೆರಡು ವರ್ಷ ಹಿಡಿಯಿತು, ಮತ್ತು ಕೊನೆಯ ಆ ಕಾಳಗದಲ್ಲಿಯೂ ಅವನು ತೂಗಿದ್ದು 145 ಪೌಂಡಿಗೂ ತುಸು ಕಡಮೆಯೇ. ಎದುರಾಳಿಯ ಗಾತ್ರಕ್ಕೆ ಸರಿಗಟ್ಟುವ ಹಟಕ್ಕೆ ಬೀಳದೆ ತನ್ನ ಕಾಲಿನ ಚುರುಕನ್ನು ಉಳಿಸಿಕೊಂಡನು. ಅಮೆರಿಕದ ಮೈಕೆಲ್ ಸ್ಪಿಂಕ್ಸ್ 1985ರ ಸೆಪ್ಟೆಂಬರಿನಲ್ಲಿ 175 ಪೌಂಡಿನ ವರ್ಗದಿಂದ 200 ಪೌಂಡಿಗೆ ಏರಿ, ಅದುವರೆಗೆ ಸೋಲನ್ನೇ ಕಾಣದ ಲ್ಯಾರಿ ಹೋಮ್ಸನನ್ನು ಹದಿನೈದು ಸುತ್ತುಗಳಲ್ಲಿ ಸೋಲಿಸಿ, ಆ 175 ಪೌಂಡಿನ ವರ್ಗದ ಪಟ್ಟದಿಂದ ಹೊರಟು ಅತಿಭಾರದ ಪಟ್ಟವನ್ನು ಪಡೆದ ಮೊದಲಿಗನಾದನು. ಅವನಿಗೆ ಜಯವನ್ನು ತಂದದ್ದು ಹೆಚ್ಚಿದ 25 ಪೌಂಡಿಗಿಂತಲೂ, ಅದು ಸೇರಿದ ಮೇಲೂ ಕುಂದದ ಚಲನೆ ಎಂಬುದರಲ್ಲಿ ಸಂಶಯವಿಲ್ಲ. ಮೂರು ವರ್ಷಗಳ ತರುವಾಯ 212 ಪೌಂಡಾಗಿ ಮೈಕ್ ಟೈಸನ್ನನೆದುರು ನಿಂತಾಗ ಅವನು 91 ಸೆಕೆಂಡಿನಲ್ಲಿ ನೆಲಕ್ಕುರುಳಿದನು. ಅಂದಿನ ಟೈಸನ್ನನೆದುರು ಯಾವ ತೂಕವೂ ಸಾಲದೆ ಹೋಗುತ್ತಿತ್ತೆಂಬುದನ್ನೂ ನ್ಯಾಯವಾಗಿ ಒಪ್ಪಬೇಕು.

ಏರಿಕೆಗಿಂತ ಇಳಿಕೆಯೇ ಕಠಿನವೆಂಬುದಕ್ಕೆ ರಾಯ್ ಜೋನ್ಸನ ಕಥೆಯಷ್ಟು ಶೋಚನೀಯವಾದ ನಿದರ್ಶನ ಬೇರೊಂದಿಲ್ಲ. 160 ಪೌಂಡಿನ ವರ್ಗದಲ್ಲಿ ಮೊದಲ ವಿಶ್ವಪಟ್ಟವನ್ನು ಪಡೆದು, ತನ್ನ ಕಾಲದ ಅತ್ಯಂತ ಚಪಲ ಮುಷ್ಟಿಮಲ್ಲನೆನಿಸಿದ್ದ ಆತನು, 2003ರ ಮಾರ್ಚ್ 1ರಂದು 193 ಪೌಂಡಿಗೆ ಏರಿ, ತನಗಿಂತ ಮೂವತ್ತು ಪೌಂಡಿಗೂ ಹೆಚ್ಚು ತೂಗುತ್ತಿದ್ದ ಜಾನ್ ರೂಯಿಜನನ್ನು ಸುಲಭವಾಗಿ ಸೋಲಿಸಿ ಅತಿಭಾರದ ಪಟ್ಟವನ್ನು ಧರಿಸಿದನು. ಅಲ್ಲಿಗೆ ನಿಂತಿದ್ದರೆ ಅದು ಏರಿಕೆಯ ಜಯಗಾಥೆಯಾಗಿಯೇ ಉಳಿಯುತ್ತಿತ್ತು. ಆದರೆ ಅದೇ ವರ್ಷದ ನವೆಂಬರಿನಲ್ಲಿ ಮತ್ತೆ 175 ಪೌಂಡಿಗೆ ಇಳಿದು ಬಂದವನು ಆಂಟೋನಿಯೊ ಟಾರ್ವರನೆದುರು ತಿಣುಕಾಡಿ ಗೆದ್ದನು. 2004ರ ಮೇ ತಿಂಗಳಲ್ಲಿ ಅದೇ ಟಾರ್ವರನಿಂದ ಎರಡನೆಯ ಸುತ್ತಿನಲ್ಲಿಯೇ ಧರಾಶಾಯಿಯಾದನು. ಸೆಪ್ಟೆಂಬರಿನಲ್ಲಿ ಗ್ಲೆನ್ ಜಾನ್ಸನ್ನನು ಒಂಬತ್ತನೆಯ ಸುತ್ತಿನಲ್ಲಿ ಅವನನ್ನು ಕೆಡವಿದನು. ಪ್ರಾಯವೂ ಮೂವತ್ತೈದನ್ನು ಮುಟ್ಟಿತ್ತು, ಆದುದರಿಂದ ಎಲ್ಲ ದೋಷವನ್ನೂ ತಕ್ಕಡಿಯ ಮೇಲೆ ಹೊರಿಸುವುದು ಸಾಧುವಲ್ಲ. ಆದರೂ ಕಷ್ಟಪಟ್ಟು ಗಳಿಸಿದ ಮಾಂಸವನ್ನು ಕೆಲವೇ ತಿಂಗಳಲ್ಲಿ ಕರಗಿಸಹೊರಟ ದೇಹವು, ಕೊಬ್ಬನ್ನೂ ಮಾಂಸವನ್ನೂ ಒಡೆಯನು ಬಯಸಿದ ಲೆಕ್ಕದಲ್ಲಿ ಬಿಟ್ಟುಕೊಡುವುದಿಲ್ಲವೆಂಬುದು ಸಿದ್ಧವಾದ ಸಂಗತಿ. 2008ರ ಡಿಸೆಂಬರಿನಲ್ಲಿ ಆಸ್ಕರ್ ಡಿ ಲಾ ಹೋಯಾ, ಅನೇಕ ವರ್ಷಗಳ ಮೇಲೆ 147 ಪೌಂಡಿನ ಮಿತಿಯೊಳಕ್ಕೆ ಇಳಿದು, ಕೆಳಗಿನಿಂದ ಏರಿ ಬಂದ ಪಕಿಯಾವೊನೆದುರು ಎಂಟು ಸುತ್ತಿನ ಬಳಿಕ ಕೂತ ಪೀಠದಿಂದ ಏಳಲಾರದೆ ಹೋದುದೂ ಇದೇ ವರ್ಗದ ಘಟನೆ.

ಇಳಿಕೆ ಎಂಬುದು ಹೊರಗೆ ಒಂದೇ ಆಗಿ ಕಂಡರೂ ಒಳಗೆ ಅದು ಬೇರೆಬೇರೆ ವಸ್ತುಗಳ ನಷ್ಟ. ರೊಟ್ಟಿ ಅನ್ನಗಳನ್ನು ಬಿಟ್ಟ ಮೊದಲ ಎರಡು ಮೂರು ದಿನಗಳಲ್ಲಿ ಒಂದೆರಡು ಕಿಲೋ ಇಳಿದುದನ್ನು ಕಂಡು ಹುಡುಗನು ಹಿಗ್ಗುತ್ತಾನೆ. ಆದರೆ ಕೊಬ್ಬು ಅಷ್ಟು ಬೇಗ ಕರಗುವ ಪದಾರ್ಥವೇ ಅಲ್ಲ. ಯಕೃತ್ತಿನಲ್ಲಿಯೂ ಮಾಂಸಖಂಡಗಳಲ್ಲಿಯೂ ಗ್ಲೈಕೊಜನ್ ಎಂಬ ರೂಪದಲ್ಲಿ ಕೂಡಿಟ್ಟ ಶರ್ಕರವು, ತನ್ನ ಪ್ರತಿಯೊಂದು ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಆ ನಿಧಿಯು ಬರಿದಾದಾಗ ನೀರೂ ಹೊರಟುಹೋಗುತ್ತದೆ. ಅಂದರೆ ಅವನು ಕಳೆದುಕೊಂಡದ್ದು ಕಾಳಗದಲ್ಲಿ ಉರಿಸಬೇಕಾಗಿದ್ದ ಇಂಧನವನ್ನೇ. ಅಷ್ಟಕ್ಕೆ ಸಾಲದೆ ರಬ್ಬರಿನ ಅಂಗಿ ತೊಟ್ಟು ಓಡಿ, ನೀರು ಕುಡಿಯದೆ, ಉಗಿಕೋಣೆಯಲ್ಲಿ ಕುಳಿತು ಬೆವರಿಳಿಸಿದರೆ ರಕ್ತದ ದ್ರವಾಂಶವು ಕುಗ್ಗುತ್ತದೆ, ಹೃದಯವು ಅದೇ ಕೆಲಸಕ್ಕೆ ಹೆಚ್ಚು ಬಾರಿ ಬಡಿದುಕೊಳ್ಳಬೇಕಾಗುತ್ತದೆ, ಮೈಕಾವು ಏರುತ್ತದೆ, ತಲೆಗೆ ಪೆಟ್ಟು ತಿನ್ನುವ ಈ ಕ್ರೀಡೆಯಲ್ಲಿ ಮಿದುಳು ಆಯಾಸಗೊಂಡ ಸ್ಥಿತಿಯಲ್ಲಿಯೇ ಕಣಕ್ಕಿಳಿಯುತ್ತದೆ. ಇನ್ನು ವಾರಗಟ್ಟಲೆ ಅರೆಹೊಟ್ಟೆಯಲ್ಲಿದ್ದು, ಹಾಲು ಕಾಳುಗಳನ್ನೂ ಕಡಮೆ ಮಾಡಿ, ದಿನವೂ ಮೈಲುಗಟ್ಟಲೆ ಓಡುವವನ ದೇಹವು ತನ್ನ ಮಾಂಸವನ್ನೇ ಒಡೆದು ಉರಿಸತೊಡಗುತ್ತದೆ. ತಕ್ಕಡಿಗೆ ಇವೆಲ್ಲವೂ ಒಂದೇ. ವಾರಕ್ಕೆ ಮೈಭಾರದ ನೂರಕ್ಕೆ ಅರ್ಧದಿಂದ ಒಂದು ಪಾಲಿನಷ್ಟು ಮಾತ್ರ ಇಳಿಸುತ್ತ, ಭಾರದ ವ್ಯಾಯಾಮವನ್ನು ಬಿಡದೆ, ಸಾರಜನಕಯುಕ್ತ ಆಹಾರವನ್ನು ಹೆಚ್ಚಿಸಿಕೊಂಡವನು ಮಾಂಸವನ್ನು ಬಹುಮಟ್ಟಿಗೆ ಉಳಿಸಿಕೊಂಡು ಕೊಬ್ಬನ್ನಷ್ಟೇ ಕಳೆಯಬಲ್ಲನು; ಮಿಕ್ಕ ಉಪಾಯಗಳೆಲ್ಲ ಸಾಲ ಮಾಡಿ ತೂಗಿಸಿಕೊಂಡ ತೂಕ.

ಈ ಸಾಲವನ್ನು ತೀರಿಸಲು ದೊರೆಯುವ ವೇಳೆಯೂ ಎಲ್ಲರಿಗೂ ಸಮನಲ್ಲ. ವೃತ್ತಿ ಬಾಕ್ಸಿಂಗಿನಲ್ಲಿ ತೂಕ ನೋಡುವುದು ಕಾಳಗದ ಹಿಂದಿನ ದಿನ. ಉಂಡು ಕುಡಿದು ಚೇತರಿಸಿಕೊಳ್ಳಲು ಒಂದು ರಾತ್ರಿಯಾದರೂ ಸಿಕ್ಕೀತು. ಒಲಿಂಪಿಕ್ ಪದ್ಧತಿಯಲ್ಲಾದರೋ ಆಡುವ ದಿನದ ಮುಂಜಾನೆಯೇ ತಕ್ಕಡಿ ಏರಬೇಕು. ಮಣಿಪುರದ ಮೇರಿ ಕೋಮ್ 2018ರಲ್ಲಿ ಪೋಲೆಂಡಿನ ಪಂದ್ಯಾವಳಿಗೆ ಬಂದಿಳಿದಾಗ 48 ಕಿಲೋ ಮಿತಿಗಿಂತ ಸುಮಾರು ಎರಡು ಕಿಲೋ ಹೆಚ್ಚಿದ್ದು, ಉಳಿದಿದ್ದ ನಾಲ್ಕು ಗಂಟೆಗಳಲ್ಲಿ ಹಗ್ಗದಾಟವಾಡಿ ಬೆವರಿಳಿಸಿ ತೂಕಕ್ಕೆ ಬಂದು, ಸ್ವರ್ಣಪದಕವನ್ನೂ ಗೆದ್ದಳು. ಪತ್ರಿಕೆಗಳು ಅದನ್ನು ಸಾಹಸವೆಂದು ಕೊಂಡಾಡಿದವು. ಅನುಕರಣೆಗೆ ಯೋಗ್ಯವಲ್ಲದ ಸಾಹಸವೆಂದು ನಾನು ಸೇರಿಸುವೆನು. ಅದೇ ಮೇರಿ ಕೋಮಳ ಅದಕ್ಕಿಂತ ದೊಡ್ಡ ಪಾಠವು 2012ರಲ್ಲಿದೆ: ಮಹಿಳೆಯರ ಬಾಕ್ಸಿಂಗ್ ಮೊದಲ ಬಾರಿಗೆ ಒಲಿಂಪಿಕ್ಸನ್ನು ಪ್ರವೇಶಿಸಿದಾಗ ಅಲ್ಲಿದ್ದ ಅತ್ಯಂತ ಹಗುರ ವರ್ಗವೇ 51 ಕಿಲೋ ಆದುದರಿಂದ, ಅದಕ್ಕಿಂತ ಕೆಳಗಿನ ವರ್ಗಗಳಲ್ಲಿ ವಿಶ್ವಪಟ್ಟಗಳನ್ನು ಗೆದ್ದಿದ್ದ ಆಕೆ, ತನಗಿಂತ ಸಹಜವಾಗಿಯೇ ದೊಡ್ಡವರಾದ ಎದುರಾಳಿಗಳ ನಡುವೆ ಏರಿ ಹೋಗಿ ಕಂಚನ್ನು ತಂದಳು.

ಕುಸ್ತಿಯಲ್ಲಿಯೂ ಇದೇ ಎರಡು ಮುಖಗಳು. ಕರಾಡದ ಬಳಿಯ ಗೋಳೇಶ್ವರದ ಖಾಶಾಬಾ ಜಾಧವರು 1948ರ ಲಂಡನ್ ಒಲಿಂಪಿಕ್ಸಿನಲ್ಲಿ 52 ಕಿಲೋ ವರ್ಗದಲ್ಲಿ ಆರನೆಯವರಾಗಿ, ನಾಲ್ಕು ವರ್ಷಗಳ ಸಾಧನೆಯ ಬಳಿಕ 1952ರಲ್ಲಿ ಹೆಲ್ಸಿಂಕಿಯಲ್ಲಿ 57 ಕಿಲೋ ವರ್ಗಕ್ಕೆ ಏರಿ, ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕವನ್ನು ಗಳಿಸಿದರು. 2024ರ ಆಗಸ್ಟ್ 7ರಂದು ಪ್ಯಾರಿಸಿನಲ್ಲಿ ವಿನೇಶ್ ಫೋಗಾಟರಿಗೆ ಆದದ್ದನ್ನು ಓದುಗರು ಮರೆತಿರಲಾರರು. 53 ಕಿಲೋ ವರ್ಗದಿಂದ 50ಕ್ಕೆ ಇಳಿದು, ಮೊದಲ ದಿನ ತೂಕಕ್ಕೆ ಸರಿಯಾಗಿಯೇ ನಿಂತು ಮೂವರನ್ನು ಸೋಲಿಸಿದ ಅವರು, ಅಂದು ಉಂಡು ಕುಡಿದು ಮರಳಿ ಪಡೆದ ಭಾರವನ್ನು ರಾತ್ರಿಯಿಡೀ ಓಡಿ ಬೆವರಿ, ಕೂದಲನ್ನೂ ಕತ್ತರಿಸಿ ಇಳಿಸಿದರೂ, ಎರಡನೆಯ ಮುಂಜಾನೆ ನೂರು ಗ್ರಾಂ ಹೆಚ್ಚಾಗಿ, ಅಂತಿಮ ಪಂದ್ಯದಿಂದಲೂ ಪದಕದಿಂದಲೂ ವಂಚಿತರಾದರು. ಅದೇ ವಾರ ಅಮನ್ ಸೆಹ್ರಾವತ್ ಹತ್ತು ಗಂಟೆಗಳಲ್ಲಿ 4.6 ಕಿಲೋ ಇಳಿಸಿ ಕಂಚನ್ನು ಗೆದ್ದುದರಿಂದ ಪದ್ಧತಿಯು ಸಮರ್ಥವೆಂದು ಸಾಧಿಸಿದಂತಾಗದು. ಒಬ್ಬನು ದಾಟಿದ ಮಾತ್ರಕ್ಕೆ ಹೊಳೆಯ ಆಳ ಕಡಮೆಯಾಗದು. 1997ರ ಕೊನೆಯ ಎರಡು ತಿಂಗಳಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆಯೇ ಬೆವರಿಳಿಸುತ್ತ ಪ್ರಾಣವನ್ನು ತೆತ್ತರು. ಆ ಬಳಿಕವೇ ಅಲ್ಲಿನ ಕಾಲೇಜು ಕ್ರೀಡಾಮಂಡಲಿಯು ಉಗಿಕೋಣೆಯನ್ನೂ ರಬ್ಬರಿನ ಅಂಗಿಯನ್ನೂ ನಿಷೇಧಿಸಿ, ಋತುವಿನ ಆರಂಭದಲ್ಲಿಯೇ ಪ್ರತಿಯೊಬ್ಬನ ಕನಿಷ್ಠ ತೂಕವನ್ನು ನಿಶ್ಚಯಿಸುವ ನಿಯಮವನ್ನು ತಂದಿತು.

ನಮ್ಮ ನಾಡಿನ ಸ್ಥಿತಿಗೆ ಬರೋಣ. ಬಾಕ್ಸಿಂಗ್ ಕರ್ನಾಟಕಕ್ಕೆ ಬಹುಕಾಲ ಸೇನಾಪಡೆಗಳ ಆವರಣದ ಆಟವಾಗಿಯೇ ಇದ್ದು, ಇತ್ತೀಚೆಗೆ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿಯ ಇನ್‌ಸ್ಪೈರ್ ಕ್ರೀಡಾಸಂಸ್ಥೆಯಿಂದಾಗಿ ನಮ್ಮ ಬಯಲುಸೀಮೆಗೂ ನೆರೆಯದಾಯಿತು. 2021ರ ಸೆಪ್ಟೆಂಬರಿನಲ್ಲಿ ಪುರುಷರ ರಾಷ್ಟ್ರೀಯ ಚಾಂಪಿಯನ್‌ಷಿಪ್ ಬಳ್ಳಾರಿಯಲ್ಲಿ ನಡೆದಾಗ, ಹರಿಯಾಣದಲ್ಲಿ ಹುಟ್ಟಿ ಕರ್ನಾಟಕದ ಪರವಾಗಿ ಆಡಿದ ನಿಶಾಂತ್ ದೇವ್ 71 ಕಿಲೋ ವರ್ಗದ ಪ್ರಶಸ್ತಿಯನ್ನು ಪಡೆದನು. 2023ರಲ್ಲಿ ತಾಷ್ಕೆಂಟಿನ ವಿಶ್ವಸ್ಪರ್ಧೆಯಲ್ಲಿ ಕಂಚು ಗೆದ್ದಾಗಲೂ, 2024ರಲ್ಲಿ ಪ್ಯಾರಿಸಿನ ಎಂಟರ ಘಟ್ಟವನ್ನು ಮುಟ್ಟಿದಾಗಲೂ ಅವನ ವರ್ಗವು ಅದೇ 71. ಏರದೆ ಇಳಿಯದೆ ಒಂದೇ ತೂಕದಲ್ಲಿ ಬಲವನ್ನು ಹದಗೊಳಿಸುವ ಈ ಮಾರ್ಗಕ್ಕೆ ಪ್ರಚಾರ ಕಡಮೆ, ಫಲ ಹೆಚ್ಚು. ಆದರೆ ಎಲ್ಲರಿಗೂ ಆ ಅನುಕೂಲವಿಲ್ಲ. ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿ 2020ರಲ್ಲಿ ದೆಹಲಿಯ ಏಷ್ಯನ್ ಕುಸ್ತಿಯಲ್ಲಿ ಕಂಚು ಗೆದ್ದುದು ಗ್ರೀಕೊ-ರೋಮನ್ ಶೈಲಿಯ 55 ಕಿಲೋ ವರ್ಗದಲ್ಲಿ. ಒಲಿಂಪಿಕ್ಸಿನಲ್ಲಿ ಆ ವರ್ಗವೇ ಇಲ್ಲ, ಅಲ್ಲಿಯ ಮೊದಲ ಮೆಟ್ಟಿಲು 60 ಕಿಲೋ. ಪ್ಯಾರಿಸಿನ ಪುರುಷರ ಬಾಕ್ಸಿಂಗಿನಲ್ಲಿಯೂ 51ರ ಮೇಲೆ 57, ಆಮೇಲೆ 63.5. ಸಹಜವಾಗಿ 54 ಕಿಲೋ ತೂಗುವ ಹುಡುಗನು ಮೂರು ಕಿಲೋ ಕರಗಬೇಕೋ ಮೂರು ಕಿಲೋ ಬೆಳೆಯಬೇಕೋ ಎಂದು ಕೇಳಿದರೆ, ಇನ್ನೂ ಬೆಳೆಯುವ ಪ್ರಾಯದವನಾಗಿದ್ದರೆ ಬೆಳೆಯತಕ್ಕದ್ದೆಂದೇ, ಅದೂ ಎರಡು ವರ್ಷಗಳ ಅವಕಾಶವನ್ನಿಟ್ಟುಕೊಂಡು ಬೆಳೆಯತಕ್ಕದ್ದೆಂದೇ, ನಾನು ನಿಸ್ಸಂದೇಹವಾಗಿ ಹೇಳುವೆನು.

ಬೆಳೆಯಲು ಬೇಕಾದ ಸಾಮಗ್ರಿಯು ನಮ್ಮ ಸೀಮೆಯಲ್ಲಿ ದುರ್ಲಭವಲ್ಲ. ದಿನವೊಂದಕ್ಕೆ ಮೈಭಾರದ ಪ್ರತಿ ಕಿಲೋಗೆ ಸುಮಾರು 1.6 ಗ್ರಾಂ ಪ್ರೋಟೀನು ಸಾಕೆಂದು ಶಾಸ್ತ್ರಜ್ಞರ ಮತ. 55 ಕಿಲೋ ಹುಡುಗನಿಗೆ ಅದು 90 ಗ್ರಾಮಿನ ಒಳಗೇ ಆಯಿತು. ಒಂದು ಲೀಟರು ಹಾಲಿನಲ್ಲಿ ಮೂವತ್ತು ಗ್ರಾಮಿಗೂ ಮೇಲೆ, ನೂರು ಗ್ರಾಂ ಹೆಸರುಕಾಳಿನಲ್ಲಿಯೂ ಅಷ್ಟೇ ಶೇಂಗಾದಲ್ಲಿಯೂ ಸುಮಾರು ಇಪ್ಪತ್ತೈದು, ಜೋಳದಲ್ಲಿ ಹತ್ತು, ಮೊಟ್ಟೆಯೊಂದರಲ್ಲಿ ಆರು ಗ್ರಾಂ ಉಂಟು. ಪೈಲವಾನರ ಖುರಾಕಿನಲ್ಲಿ ತುಪ್ಪಕ್ಕೂ ಬದಾಮಿಗೂ ಇರುವ ಗೌರವವನ್ನು ನಾನು ಅಲ್ಲಗಳೆಯುವುದಿಲ್ಲ. ದಿನಕ್ಕೆ ಸಾವಿರ ಬೈಠಕು ಹೊಡೆಯುವವನಿಗೆ ಅದು ಸಂದೀತು. ತೂಕವರ್ಗದ ಗೆರೆಯ ಮೇಲೆ ನಿಂತವನಿಗೆ ಮಾತ್ರ ತುಪ್ಪವು ಮಾಂಸವಾಗುವುದಿಲ್ಲ, ಕೊಬ್ಬಾಗುತ್ತದೆ. ದಂಡ ಬೈಠಕುಗಳೂ, ಸಂಗ್ರಾಣಿ ಕಲ್ಲೂ, ಜೋಳದ ಚೀಲವೂ ಕಾಲು ಸೊಂಟ ಬೆನ್ನುಗಳನ್ನು ಒಂದಾಗಿ ದುಡಿಸುವ ವ್ಯಾಯಾಮಗಳಾದುದರಿಂದ, ರೆಟ್ಟೆಯೊಂದನ್ನೇ ಉಬ್ಬಿಸುವ ಯಂತ್ರಗಳಿಗಿಂತ ಮುಷ್ಟಿಮಲ್ಲನಿಗೆ ಹೆಚ್ಚು ಉಪಕಾರಿಗಳೆಂದು ನನ್ನ ನಂಬಿಕೆ.

ಮಕ್ಕಳನ್ನು ಕ್ರೀಡಾವಸತಿ ಶಾಲೆಗಳ ಆಯ್ಕೆಗೆ ಕರೆದೊಯ್ಯುವ ತಂದೆತಾಯಿಗಳಲ್ಲಿಯೂ, ಅವರನ್ನು ಪಳಗಿಸುವ ಗುರುಗಳಲ್ಲಿಯೂ ಒಂದು ಬಿನ್ನಹವಿದೆ. ಹದಿನೆಂಟು ತುಂಬದ ಹುಡುಗ ಹುಡುಗಿಯರಿಗೆ ತೂಕ ಇಳಿಸಲು ನೀರು ಬಿಡಿಸಬೇಡಿರಿ, ಊಟ ತಪ್ಪಿಸಬೇಡಿರಿ. ಸ್ಪರ್ಧೆಯ ಮೂರು ತಿಂಗಳ ಮುಂಚೆ ಅವರು ಉಂಡುಂಡು ಓಡಾಡುವಾಗ ಎಷ್ಟು ತೂಗುತ್ತಿದ್ದರೆಂಬುದನ್ನು ಬರೆದಿಟ್ಟುಕೊಂಡು, ಆ ತೂಕಕ್ಕೆ ಹತ್ತಿರದ ಮೇಲಿನ ವರ್ಗದಲ್ಲಿಯೇ ಅವರ ಹೆಸರನ್ನು ಕೊಡಿರಿ.